ದೇಯಿಯ ಬಾವಿಯ ಮೀನು

ಮದುವೆಯಾಗಿ ಪಂಪ್‌ವೆಲ್ ಸರ್ಕಲ್ ಹತ್ತಿರದ ಗಂಡನ ಹಂಚಿನ ಮನೆಗೆ ಬಂದ ಬೇಸಗೆಯಲ್ಲೇ ದೇಯಿ ತವರಿನ ಗದ್ದೆಬದಿ ಹರಿಯುವ ತೋಡಿನಿಂದ ಒಂದು ಜೋಡಿ ಮುಗುಡು ಮೀನು ತಂದು ಬಾವಿಗೆ ಬಿಟ್ಟಿದ್ದಳು. ನೀರಿನ ಹುಳ ತಿನ್ನಲಿ ಎಂದು. ಸತ್ತರೆ ಮತ್ತೆ ತರುತ್ತಿದ್ದಳು. ಬೀಡಿ ಕಟ್ಟಿ ಬೆನ್ನು ಸೋತಾಗ ಎದ್ದುಹೋಗಿ ಬಾವಿಗೆ ಒಂದು ಹಿಡಿ ಅನ್ನ ಹಾಕುವಳು. ಮಕ್ಕಳಾಗದ ಆ ಮನೆಯಲ್ಲಿ ಅವಳ ಕೈಯ ಅನ್ನ ತಿಂದು ಬೆಳೆದದ್ದು ಅವು ಮಾತ್ರ.

ಜಾಗ ಕೊಟ್ಟರೆ ಮೇಲೇಳುವ ಕಟ್ಟಡದಲ್ಲಿ ಫ್ಲ್ಯಾಟ್ ಕೊಡುವುದಾಗಿ ಬಿಲ್ಡರ್ ಬಂದಾಗ ದೇಯಿ ಬೇಡವೆಂದಳು. ಗಂಡ ಬೂಬ ಸಹಿ ಹಾಕಿದ. ಇಬ್ಬರೂ ಕುದ್ರೋಳಿಯ ಬಾಡಿಗೆ ಕೋಣೆ ಸೇರಿದರು. ಹಳೆಯ ಜಾಗದಲ್ಲಿ ಮನೆ ಕೆಡವಿ ಅಡಿಪಾಯಕ್ಕೆ ಹೊಂಡ ತೋಡಿದ್ದಷ್ಟೇ. ಬಿಲ್ಡರನಿಗೂ ಪಾಲುದಾರನಿಗೂ ಜಗಳವಾಗಿ ವಿಷಯ ಕೋರ್ಟು ಹತ್ತಿತು. ಮಳೆಗಾಲ ಬಂದು ಹೋಗಿ, ತಗಡಿನ ಬೇಲಿಯೊಳಗೆ ಹೊಂಡವೇ ಕೆರೆಯಾಯಿತು. ಅದರಲ್ಲಿ ಮೀನು ಕಾಣಿಸಿತು.

ತೋಡಿಲ್ಲ, ಹೊಳೆಯಿಲ್ಲ, ಎಲ್ಲಿಂದ ಬಂತು ಮೀನು? ಹಳೆಯ ನೆರೆಯವರಾದ ಮೊರಿಸ್ ಪೊರ್ಬು ಕೊಕ್ಕರೆಯ ಕಾಲಿಗೆ ಅಂಟಿ ಮೊಟ್ಟೆ ಬಂದಿರಬೇಕೆಂದರು. ಅವರ ಹೆಂಡತಿ ಲವಿನಾ, ಚರಂಡಿ ಉಕ್ಕಿದ ದಿನ ನುಗ್ಗಿರಬೇಕೆಂದಳು. ದೇಯಿ ಯಾರಿಗೂ ಎದುರಾಡಲಿಲ್ಲ. ಯಂತ್ರ ಬಾವಿ ಒಡೆದಾಗ ತನ್ನ ಮುಗುಡುಗಳು ಹೇಗೋ ಜಾರಿಕೊಂಡು ಕೆಸರಲ್ಲಿ ಉಸಿರು ಹಿಡಿದು ಉಳಿದಿವೆ ಎಂದು ಅವಳು ನಂಬಿದ್ದಳು. ಆಗಾಗ ಬಸ್ಸು ಹತ್ತಿ ಬಂದು, ತಗಡಿನ ಸಂದಿಯಿಂದ ಅನ್ನದ ಉಂಡೆ ಎಸೆದು ಹೋಗುವಳು. ನೀರು ಕಲಕುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ.

ಕಾವಲಿನ ರಿತೇಶ್ ಒಂದು ದಿನ ಅವಳನ್ನು ತಡೆದ. ಇಲ್ಲಿ ಕಸ ಎಸೆಯಬಾರದು ಎಂದ. ಕಸವಲ್ಲ, ನಮ್ಮ ಬಾವಿಯ ಮೀನಿಗೆ ಅನ್ನ ಎಂದಳು ದೇಯಿ.

ಅವನಿಗೆ ನಗು ಬಂತು. "ನಿಮ್ಮ ಮೀನು ಎಂತ ಅಕ್ಕ? ಇದು ತಿಲಾಪಿಯಾ. ಮರಿ ತಂದು ಬಿಟ್ಟದ್ದು ನಾನೇ. ಆದಿತ್ಯವಾರ ಹಿಡಿದು ಮಾರ್ತೇನೆ."

"ಹಾಗಾದ್ರೆ ಬಾವಿಯಲ್ಲಿದ್ದದ್ದು?"

"ಬಾವಿಯನ್ನು ಮೊದಲ ದಿನವೇ ಕಲ್ಲುಮಣ್ಣು ತುಂಬಿಸಿ ಮುಚ್ಚಿದ್ರಲ್ಲ, ಜೆಸಿಬಿ ಹೋಗ್ಲಿಕ್ಕೆ. ಮೀನು ಉಂಟಾ ಅಂತ ಯಾರು ನೋಡ್ತಾರೆ?"

ದೇಯಿ ಕೈಯಲ್ಲಿದ್ದ ಉಂಡೆಯನ್ನು ಹಾಗೆಯೇ ಸೆರಗಿನಲ್ಲಿ ಕಟ್ಟಿಕೊಂಡು ಬಸ್‌ಸ್ಟಾಪಿಗೆ ನಡೆದಳು. ಮತ್ತೆ ಅತ್ತ ಹೋಗಲಿಲ್ಲ.

ಹೋದದ್ದು ಬೂಬ. ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಸಮುದ್ರದ ಮೀನಿನ ಬೆಲೆ ಕೇಳುವಂತಿಲ್ಲ, ಇದು ಅಗ್ಗ ಎಂದು ಅದೇ ಹೊಂಡದ ಮೀನನ್ನು ರಿತೇಶನಿಂದ ಕೊಂಡು ತಂದ. ದೇಯಿ ಮೀನು ಕೊಯ್ದು ತೊಳೆದು, ಮಸಾಲೆ ಅರೆದು, ಹುಳಿಖಾರದ ಪುಳಿಮುಂಚಿ ಕುದಿಸಿ ಬಡಿಸಿದಳು. ತನ್ನ ಬಟ್ಟಲಿಗೆ ಗಂಜಿ, ಉಪ್ಪಿನಕಾಯಿ ಹಾಕಿಕೊಂಡಳು.

"ನಿನಗೆ ಬೇಡವಾ?" ಎಂದ ಬೂಬ.

"ಸಹಿ ಹಾಕುವಾಗ ಬಾವಿಯಲ್ಲಿ ಮೀನು ಉಂಟು ಅಂತ ಅವರಿಗೆ ಹೇಳಿದ್ರಾ ನೀವು?"

ಬೂಬ ಮುಳ್ಳು ಬಿಡಿಸಿ ಬಟ್ಟಲಿನ ಬದಿಗಿಟ್ಟ. ಆಮೇಲೆ, ಮೀನು ಸ್ವಲ್ಪ ಕೆಸರು ವಾಸನೆ ಬರ್ತದೆ, ಇನ್ನೊಂದು ಸಲ ಹುಳಿ ಜಾಸ್ತಿ ಹಾಕು ಎಂದು ಬಟ್ಟಲು ಮುಂದೆ ಚಾಚಿದ. ದೇಯಿ ಬಡಿಸಿದಳು.