ಕಿವಿಗೋಲು

ಈ ಬೆಳಿಗ್ಗೆ ನನ್ನ ಹೆಂಡತಿ ಕೂಸಿನ ನೆತ್ತಿಗೆ ಒತ್ತಲೆಂದು ಹರಳೆಣ್ಣೆ ಬೆಚ್ಚಗೆ ಮಾಡುತ್ತಿದ್ದಳು. ಬಟ್ಟಲು ಒಲೆಯ ಮೇಲೆ ಹೆಚ್ಚು ಹೊತ್ತು ಉಳಿದು, ಎಣ್ಣೆ ಸೀದ ವಾಸನೆ ಮನೆಯೆಲ್ಲ ತುಂಬಿತು. ಜಗಲಿಯ ಮೇಲೆ ಕೂತಿದ್ದ ಅಪ್ಪ ತಲೆಯೆತ್ತಿ ಗಾಳಿ ಮೂಸಿದ. ಏನು ನೆನಪಾಯಿತೆಂದು ನಾನು ಕೇಳಲಿಲ್ಲ. ನನಗೂ ಅದೇ ನೆನಪಾಗಿತ್ತು... ಲಾಂಚಿನ ಮೇಸ್ತ್ರಿ.

ನಮ್ಮೂರು ಕೃಷ್ಣರಾಜನಗರದ ಕೆಳಗೆ, ಕನ್ನಂಬಾಡಿ ಕಟ್ಟೆಯ ಹಿನ್ನೀರು ಬಂದು ನಿಲ್ಲುವ ಕಡೆ ಇದೆ. ಜನ ನೀರು ದಾಟುವ ಅಲ್ಲಿನ ಕಡವಿನಲ್ಲಿ ಅಪ್ಪ ಹರಿಗೋಲು ಹಾಕುತ್ತಿದ್ದ. ಲೋಯರ್ ಸೆಕೆಂಡರಿ ಪಾಸು ಮಾಡಿ ಮನೆಯಲ್ಲಿದ್ದ ನಾನು ದಿನಾ ಎಷ್ಟು ಜನ ದಾಟಿದರು, ನೀರು ಯಾವ ಮೆಟ್ಟಿಲಿಗೆ ಬಂತು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ನನಗೆ ಬೇಕಾಗಿದ್ದುದು ನೀರು ಮೀಟುವ, ಅಪ್ಪನ ಕೈಯ ಹುಟ್ಟು. ಕೇಳಿದಾಗಲೆಲ್ಲ ಅಪ್ಪ, "ನಿಂದು ಬರೆಯೋ ಕೈ ಕಣ್ಲಾ, ಹುಟ್ಟು ಇಡಿಯೋ ಕೈಯಲ್ಲ" ಎನ್ನುತ್ತಿದ್ದ.

ಹುಣಸೂರಿನ ಹೊಗೆಸೊಪ್ಪಿನ ಸಾಹುಕಾರರೊಬ್ಬರು ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬರಿಂದ ಹಳೆಯ ಮೋಟಾರು ಲಾಂಚೊಂದನ್ನು ಕೊಂಡು, ಎತ್ತಿನ ಗಾಡಿಗಳ ಮೇಲೆ ಹೇರಿಸಿ ತಂದು ನಮ್ಮ ಕಡವಿನಲ್ಲಿ ಇಳಿಸಿದರು. ಅದರ ಜೊತೆಗೆ ಮೇಸ್ತ್ರಿಯೂ ಬಂದರು. ಪಿರಿಯಾಪಟ್ಟಣದ ಕಡೆಯವರು, ತೋಟಗಳಲ್ಲಿ ಕಾಫಿ ಬೀಜ ಸುಲಿಯುವ ಎಂಜಿನ್ನುಗಳನ್ನು ನೋಡಿಕೊಂಡಿದ್ದವರು. ಹೆಂಡತಿ ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಬೀಟೆಯ ಕೋಲು, ಅಷ್ಟೇ ಅವರ ಸಾಮಾನು.

ಆ ಕೋಲಿನ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಊರವರು ಅದಕ್ಕೆ ಕಿವಿಗೋಲು ಎಂದು ಹೆಸರಿಟ್ಟರು.

ಜನ ಲಾಂಚು ಹತ್ತಿದರು. ನಮ್ಮ ಹರಿಗೋಲು ದಡದಲ್ಲಿ ಬೋರಲು ಬಿತ್ತು. ಹಳೆಯ ಎಂಜಿನ್ನು, ಇಂದಲ್ಲ ನಾಳೆ ನಡುನೀರಿನಲ್ಲಿ ನಿಲ್ಲುತ್ತದೆ, ಆಗ ಎಲ್ಲರೂ ಅಪ್ಪನನ್ನೇ ಕೂಗುತ್ತಾರೆ ಎಂದು ನಾನು ಕಾದೆ. ಲಾಂಚು ಕೆಡದೆ ಓಡಿದ ಪ್ರತಿ ದಿನಕ್ಕೂ ಡೈರಿಯ ಹಿಂದಿನ ಪುಟದಲ್ಲಿ ಒಂದು ಗೀಟು ಎಳೆದೆ. ಗೀಟುಗಳು ಪುಟ ತುಂಬಿ ಮುಂದಿನ ಪುಟಕ್ಕೆ ಹೋದವು. ಲಾಂಚು ನಿಲ್ಲಲಿಲ್ಲ.

ನಿಲ್ಲಲು ಅವರು ಬಿಟ್ಟರೆ ತಾನೆ. ಸಂಜೆಯ ಕೊನೆಯ ಸುತ್ತು ಮುಗಿದ ಮೇಲೆ, ನೀರೆಳೆಯುವ ಕೊಳವೆಯ ಜಾಲರಿಗೆ ಸಿಕ್ಕಿದ ಪಾಚಿಯನ್ನು ಬೆರಳಿನಿಂದ ಬಿಡಿಸುತ್ತಿದ್ದರು. ವಾರಕ್ಕೊಮ್ಮೆ ಎಣ್ಣೆ ಇಳಿಸಿ, ಒಂದು ತೊಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ, ಕಬ್ಬಿಣದ ಮಿನುಗು ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಯುದ್ಧ ಬಂದು ಎಂಜಿನ್ ಎಣ್ಣೆ ಸಿಗದೆ ಹೋದಾಗ ಸಾಲಿಗ್ರಾಮದ ಗಾಣಿಗರಿಂದ ಹರಳೆಣ್ಣೆ ತರಿಸಿದರು. ಅದು ಕಾದು ಅಂಟಾಗಿ ಕೂರುತ್ತದೆ. ಹಾಗಾಗಿ ಇನ್ನೂ ಬೇಗ ಬೇಗ ಬಿಚ್ಚಿ, ಬಿದಿರಿನ ಚಕ್ಕೆಯಿಂದ ಕೆರೆದು, ಬಿಸಿ ಬೂದಿನೀರಿನಲ್ಲಿ ತೊಳೆಯುತ್ತಿದ್ದರು.

ಸಾಹುಕಾರರ ಗುಮಾಸ್ತ ಒಮ್ಮೆ ರೇಗಿದ. "ಚೆನ್ನಾಗಿ ಓಡೋದನ್ನ ಯಾಕಯ್ಯ ಬಿಚ್ತೀಯ?"

"ಓಡೋವಾಗ್ಲೇ ನೋಡ್ಬೇಕು ಸೋಮಿ. ನಿಂತ್ಮೇಲೆ ನೋಡೋದು ಎಣ ನೋಡ್ದಂಗೆ" ಎಂದರು ಮೇಸ್ತ್ರಿ.

ಅಪ್ಪ ಪಕ್ಕದಲ್ಲೇ ಇದ್ದ. ಬಿದ್ದು ಬಿದ್ದು ನಕ್ಕ. ನನ್ನ ಯಾವ ಮಾತಿಗೂ ಹಾಗೆ ನಕ್ಕವನಲ್ಲ.

ಅನ್ನ ಕಸಿದವನನ್ನು ಅಪ್ಪ ದ್ವೇಷಿಸಬೇಕಾಗಿತ್ತು. ಬದಲಿಗೆ ಸಂಜೆಯಾದರೆ ಅವರ ಪಕ್ಕ ಕೂತು ಎಲೆಯಡಿಕೆ ಹಾಕುತ್ತಿದ್ದ. ಮೊದಲು ಬೂದಿನೀರು ಹೊತ್ತ, ಆಮೇಲೆ ಜಾಲರಿ ತೊಳೆದ. ಒಂದು ದಿನ ಮೇಸ್ತ್ರಿ ಕಿವಿಗೋಲನ್ನು ಅಪ್ಪನ ಕೈಗೇ ಕೊಟ್ಟರು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಅವನ ಮುಖದಲ್ಲಿ ಮೂಡಿದ ಬೆಳಕನ್ನು ದಡದಿಂದ ಕಂಡೆ. ಕಡವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಗಾಯಕ್ಕೆ ಉಪ್ಪು ಸವರಿದಳು: "ಏನ್ಲಾ ಮಗ, ನಿಮ್ಮಪ್ಪ ಅರಗೋಲು ಬುಟ್ಟು ಮೇಸ್ತ್ರಿ ಮನೆ ಸೊಸೆ ಆಗವ್ನಂತಲ್ಲ."

ಒಮ್ಮೆ ಡೈರಿ ತೆರೆದಿದ್ದಾಗ ಅಪ್ಪ ಬಗ್ಗಿ ನೋಡಿದ. ಅವನಿಗೆ ಓದು ಬಾರದು. "ಏನ್ಲಾ ಇದು, ಇಷ್ಟೊಂದು ಗೀಟು?"

"ಲಾಂಚು ನಿಲ್ಲದಂಗೆ ಓಡಿದ ದಿನದ ಲೆಕ್ಕ" ಎಂದೆ. ಅದು ಸುಳ್ಳಲ್ಲ.

ಅಪ್ಪ ಆಗಲೇ ಮೇಸ್ತ್ರಿಯನ್ನು ಕರೆದು ತಂದ. "ನೋಡು, ನನ್ ಮಗ ನಿನ್ ದೋಣಿ ಲೆಕ್ಕ ಮಡಗವ್ನೆ." ಮೇಸ್ತ್ರಿ ಗೀಟುಗಳ ಮೇಲೆ ಬೆರಳು ತಾಗಿಸದೆ ಆಡಿಸಿದರು. ಅವರ ಕಣ್ಣು ತುಂಬಿತು. ತಮ್ಮ ಕೆಲಸವನ್ನು ಇಷ್ಟು ವರ್ಷದಲ್ಲಿ ಯಾರೂ ಹೀಗೆ ಬರೆದಿಟ್ಟಿರಲಿಲ್ಲ ಎಂದರು. ಅಂದಿನಿಂದ ದಿನಾ ಕೊನೆಯ ಸುತ್ತು ಮುಗಿಸಿ, "ಬರ್ಕಳಪ್ಪ, ಇವತ್ತೂ ಓಡ್ತು. ಎಣ್ಣೆ ಬದಲಾಯ್ಸಿದೀನಿ, ಅದ್ನೂ ಬರ್ಕೊ" ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಬೇರೆ ದಾರಿ ಇರಲಿಲ್ಲ.

ಯುದ್ಧದ ನಡುವೆ ಸಾಹುಕಾರರಿಗೆ ಕಾಕನಕೋಟೆಯಲ್ಲಿ ಬಿದಿರಿನ ಗುತ್ತಿಗೆ ಸಿಕ್ಕಿತು. ಕಬಿನಿ ಹೊಳೆಯಲ್ಲಿ ಬಿದಿರಿನ ತೆಪ್ಪ ಎಳೆಯಲು ಲಾಂಚು ಹೊರಟಿತು. ಮೇಸ್ತ್ರಿ ಅಪ್ಪನನ್ನು ಕರೆದರು. "ನೀರು ನಿಮ್ಗೆ ಗೊತ್ತು, ಎಂಜಿನ್ನು ನಂಗೆ ಗೊತ್ತು. ಬನ್ನಿ ಅಣ್ಣ." ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ.

"ನಾನೂ ಬತ್ತೀನಿ" ಎಂದೆ.

"ಬ್ಯಾಡ. ಅಲ್ಲಿ ಚಳಿಜ್ವರ" ಎಂದ ಅಪ್ಪ.

"ನಿಂಗೆ ಬರಾಕಿಲ್ವಾ ಜ್ವರ?"

ಅಪ್ಪ ಗಾಡಿ ಹತ್ತಿದ. ಗಾಡಿಗಳು ಹುಣಸೂರಿನ ದಾರಿ ಹಿಡಿದವು. ಅಪ್ಪ ಹಿಂದಿರುಗಿ ನೋಡಿದನೋ ಇಲ್ಲವೋ... ಧೂಳಿತ್ತು. ಅಂದು ಗೀಟು ನಿಂತಿತು.

ಮಳೆ ಕಳೆದು, ರಾಗಿ ಕೊಯ್ಲಿನ ಹೊತ್ತಿಗೆ ಅಪ್ಪ ಒಬ್ಬನೇ ನಡೆದು ಬಂದ. ಕೈಯಲ್ಲಿ ಕಿವಿಗೋಲಿತ್ತು. ಅವ್ವ ಅದನ್ನು ನೋಡಿಯೇ ಅಳಲು ಶುರುಮಾಡಿದಳು.

ನಡೆದದ್ದನ್ನು ಅಪ್ಪ ಒಮ್ಮೆಗೇ ಹೇಳಲಿಲ್ಲ. ಕಾಡಿನ ಬಿಡಾರದಲ್ಲಿ ಚಳಿಜ್ವರ ಬರದಂತೆ ಎಲ್ಲರಿಗೂ ಕ್ವಿನೈನ್ ಗುಳಿಗೆ ಹಂಚುತ್ತಿದ್ದರಂತೆ. ಮೇಸ್ತ್ರಿ ದಿನಾ ಬೆಳಿಗ್ಗೆ ಅಪ್ಪನಿಗೆ ಗುಳಿಗೆ ಕೊಟ್ಟು, ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದರಂತೆ, ಎಣ್ಣೆಯ ಮಟ್ಟ ನೋಡುವ ಹಾಗೆ. ತಾವು ಮಾತ್ರ ನುಂಗುತ್ತಿರಲಿಲ್ಲ. ಅದನ್ನು ತಿಂದವರಿಗೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ.

"ಕಿವೀಲಿ ಜೇನೆದ್ದಂಗಾಯ್ತದೆ ಕಣಣ್ಣ, ಎಂಜಿನ್ನು ಕೇಳಾಕಿಲ್ಲ ಅಂದ" ಎಂದು ಅಪ್ಪ ಹೇಳಿದ. "ನಾನ್ ಕೇಳ್ತೀನಿ, ನೀನು ತಿನ್ನು ಅಂದೆ. ನಿಮ್ ಕಿವೀಲಿ ಈಗ್ಲೇ ಜೇನೈತೆ, ನೀವೇನ್ ಕೇಳೀರಿ ಅಂತ ನಕ್ಬುಟ್ಟ."

ಜ್ವರ ಹತ್ತಿದ ಮೇಲೆ ನುಂಗಿದರಂತೆ. ಆಗ ತಡವಾಗಿತ್ತು. ಅವರ ಟ್ರಂಕಿನಲ್ಲಿ ಒಂದು ಡಬ್ಬಿ ತುಂಬ ಗುಳಿಗೆ ಸಿಕ್ಕಿತಂತೆ... ಮೇಸ್ತ್ರಿಯನ್ನು ಕಬಿನಿಯ ದಡದಲ್ಲೇ ಮಣ್ಣು ಮಾಡಿದರು. ಹೊಸಬನ ಕೈಯಲ್ಲಿ ಲಾಂಚು ಮುಂದಿನ ಬೇಸಿಗೆಯೊಳಗೇ ಎಣ್ಣೆ ಅಂಟು ಕಟ್ಟಿಕೊಂಡು ನಿಂತಿತೆಂದು ಆಮೇಲೆ ಕೇಳಿದೆವು. ಅದು ನಿಲ್ಲಲೆಂದು ಅಷ್ಟು ದಿನ ಕಾದಿದ್ದ ನಾನು ಸುದ್ದಿ ಕೇಳಿ ಸುಮ್ಮನೆ ಡೈರಿ ಮುಚ್ಚಿದೆ.

ಕಡವು ಮತ್ತೆ ಅಪ್ಪನದಾಯಿತು. ಈಗ ಅಪ್ಪನಿಗೆ ಮಂಡಿನೋವು, ಹುಟ್ಟು ನನ್ನ ಕೈಗೆ ಬಂದಿದೆ. ನನ್ನ ಅಪ್ಪನನ್ನು ಕಾಡಿನಿಂದ ಜೀವಂತ ಕಳಿಸಿದವರು ಮೇಸ್ತ್ರಿ. ಅದು ಗೊತ್ತಿದ್ದೂ ಕಿಚ್ಚು ಆರಿಲ್ಲ. ಬದುಕಿದ್ದವರ ಜೊತೆಯಾದರೆ ಎಂದಾದರೂ ಗೆಲ್ಲಬಹುದು... ಪ್ರತಿ ಆಯುಧಪೂಜೆಗೆ ಅಪ್ಪ ಮೊದಲು ಕುಂಕುಮ ಇಡುವುದು ಕಿವಿಗೋಲಿಗೆ, ಆಮೇಲೆ ನನ್ನ ಹುಟ್ಟಿಗೆ.

ಈ ಬೆಳಿಗ್ಗೆ ಆ ವಾಸನೆ ಬಂದ ಮೇಲೆ ಅಪ್ಪ ಎದ್ದು ಒಳಗೆ ಹೋದ. ಸೂರಿನಿಂದ ಕಿವಿಗೋಲು ಇಳಿಸಿ ತಂದು, ಅದರ ತುದಿಗೆ ಮೆತ್ತನೆಯ ಬಟ್ಟೆ ಸುತ್ತಿ, ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಕೂಸಿನ ಎದೆಗೆ ಮೆಲ್ಲಗೆ ತಾಗಿಸಿ ಕಣ್ಣು ಮುಚ್ಚಿದ. ಹೆಂಡತಿ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಸುಮ್ಮನಿರು ಎಂದು ಕೈಸನ್ನೆ ಮಾಡಿದೆ.

"ಸರ್ಯಾಗೈತೆ" ಎಂದ ಅಪ್ಪ. ಕೋಲನ್ನು ಎತ್ತಿಕೊಳ್ಳುತ್ತ, "ಅವ್ನಾಗಿದ್ರೆ ಇನ್ನೂ ಚೆಂದಾಗಿ ಯೋಳ್ತಿದ್ದ" ಎಂದ.

ಆಮೇಲೆ, ಮೊಟ್ಟಮೊದಲ ಸಲ, ಕೋಲನ್ನು ನನ್ನ ಕೈಗೆ ಕೊಟ್ಟ. "ಕೇಳ್ಲಾ."

ನಾನು ಕಿವಿ ಹಚ್ಚಿದೆ. ಒಳಗೆ ಪುಟ್ಟದೊಂದು ಎಂಜಿನ್ನು ತಡೆಯಿಲ್ಲದೆ ಓಡುತ್ತಿತ್ತು. ಅದನ್ನು ಹೇಳಬೇಕೆಂದು ತಲೆಯೆತ್ತಿದರೆ ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಬಾಗಿಲಾಚೆ, ಕಡವಿನ ದಡದಲ್ಲಿ ಲಾಂಚು ಕಟ್ಟುತ್ತಿದ್ದ ಬರಿದಾದ ಗೂಟದ ಕಡೆ ನೋಡುತ್ತಿದ್ದ.