ಎಲ್ಲರನ್ನೂ ಮನೆ ಮುಟ್ಟಿಸಿದ ಮಾವ

ನನ್ನ ಸೋದರಮಾವನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಎರಡು ಫೋನುಗಳಿರುತ್ತಿದ್ದವು. ಅವುಗಳ ಭಾರಕ್ಕೆ ಅಂಗಿಯ ಎಡಭಾಗ ಜೋತುಬಿದ್ದು, ಕಾಲರು ವಾಲಿ, ಎಷ್ಟು ಇಸ್ತ್ರಿ ಮಾಡಿದರೂ ಯಾರೊಡನೆಯೋ ಜಗಳವಾಡಿ ಬಂದವರಂತೆ ಕಾಣುತ್ತಿದ್ದರು. ದುಬೈ ವಿಮಾನ ನಿಲ್ದಾಣದ ಹೊರಗೆ, ಅತ್ತರು ಪೂಸಿಕೊಂಡು ಒಂದು ಸುಕ್ಕೂ ಇಲ್ಲದೆ ನಿಂತಿದ್ದ ಜನರ ನಡುವೆ ಅವರನ್ನು ಗುರುತಿಸಲು ನನಗೆ ಆ ಓರೆ ಅಂಗಿಯೇ ಸಾಕಾಯಿತು. ಒಂದು ಫೋನು ಕೆಲಸದ್ದು. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನಲ್ಲಿ, ಕಾರಿನ ಬಿಡಿಭಾಗ ಮಾರುವ ಅಂಗಡಿಯೊಂದರ ಕೌಂಟರಿನಲ್ಲಿ ನಿಂತೇ ಅವರು ತಲೆ ಬೆಳ್ಳಗೆ ಮಾಡಿಕೊಂಡಿದ್ದರು. ಇನ್ನೊಂದು ಯಾರದ್ದೆಂದು ಕೇಳಿದರೆ, "ಅದು ಊರವರದ್ದು" ಎಂದಷ್ಟೇ ಹೇಳಿದರು.

ನಮ್ಮ ಮನೆಮಾತು ಕೊಂಕಣಿ. ಆದರೆ ನಾನು ಮಂಗಳೂರಿನ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರಾದ ಮೇಲೆ ಮಾವ ಬೇಕೆಂದೇ ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. "ಟೀಚರಮ್ಮಾ, ತಪ್ಪಿದ್ರೆ ಮಾರ್ಕು ಕಟ್ ಮಾಡ್ಬೇಡ ಆಯ್ತಾ" ಎಂದು ಕಣ್ಣು ಮಿಟುಕಿಸುವರು. ಬೇಸಿಗೆ ರಜೆಯಲ್ಲಿ ನನ್ನನ್ನು ಕರೆಸಿಕೊಂಡದ್ದೂ ಅವರೇ. ಅಲ್ ನಹ್ದಾದಲ್ಲಿ ಒಂದು ಕುಟುಂಬದ ಫ್ಲ್ಯಾಟಿನಲ್ಲಿ, ಮದುವೆಯಾಗದೇ ಉಳಿದ ಅವರಿಗೊಂದು ಕೋಣೆ. ಅದನ್ನು ನನಗೆ ಬಿಟ್ಟುಕೊಟ್ಟು ತಾವು ಹಾಲಿನ ಸೋಫಾದ ಮೇಲೆ ಮಲಗುತ್ತಿದ್ದರು.

ಊರು ನೋಡಿ ನನಗೆ ಬೆರಗಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಬಸ್ ನಿಲ್ದಾಣಕ್ಕೂ ಏಸಿ! ಮೆಟ್ರೋದಲ್ಲಿ ಒಂದು ಕಡಲೆ ಬಾಯಿಗೆ ಹಾಕುವ ಹಾಗಿಲ್ಲ. ಜಗತ್ತಿಗೇ ಎತ್ತರವೆನ್ನುವ ಅಲ್ಲಿಯ ಗೋಪುರವನ್ನು ಕತ್ತು ನೋಯುವಷ್ಟು ನೋಡಿ, "ಇಷ್ಟು ಚೊಕ್ಕಟ ಇದ್ರೆ ಕಾಗೆ ಎಲ್ಲಿ ಕೂರ್ತದೆ ಮಾವ?" ಎಂದೆ. "ಅದಕ್ಕೂ ಪರ್ಮಿಟ್ ಉಂಟು" ಎಂದರು. ಒಂದು ಕಡೆ ರಸ್ತೆ ಪೂರ್ತಿ ಖಾಲಿ ಇದೆಯೆಂದು ನಾನು ಕೆಂಪು ದೀಪದಲ್ಲೇ ಕಾಲಿಟ್ಟೆ. ಮಾವ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವರಿಗೆ ಆ ಶಿಸ್ತು ಇಷ್ಟವಾಗಿತ್ತು. "ಇಲ್ಲಿ ಟೋಕನ್ ತಗೊಂಡ್ರೆ ನಿನ್ನ ಸರದಿ ಬಂದೇ ಬರ್ತದೆ ಮಾರಾಯ್ತಿ. ನಿನ್ನ ಅಪ್ಪ ಯಾರು, ಅಜ್ಜ ಯಾರು ಅಂತ ಯಾರೂ ಕೇಳುವುದಿಲ್ಲ" ಎನ್ನುತ್ತಿದ್ದರು.

ಊರವರ ಫೋನು ಏನೆಂದು ತಿಳಿದದ್ದು ನಾವು ಅಬುಧಾಬಿಯ ದೊಡ್ಡ ಮಸೀದಿ ನೋಡಿ ಹಿಂತಿರುಗುವಾಗ. ಅದು ಬಡಿದುಕೊಂಡಿತು. ಮಾವ ಕಾರು ಬದಿಗೆ ನಿಲ್ಲಿಸಿ ಕೇಳಿಸಿಕೊಂಡರು. ಅಲ್ಲೇ ಹತ್ತಿರದ ಬನಿಯಾಸ್‌ನಲ್ಲಿ ನಮ್ಮ ಕಾರ್ಕಳ ಕಡೆಯ ಟೈಲರೊಬ್ಬ ನಿದ್ದೆಯಲ್ಲೇ ತೀರಿಕೊಂಡಿದ್ದ. ನಮ್ಮವರು ಯಾರು ಅಲ್ಲಿ ಸತ್ತರೂ ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ ಎಂದು ಓಡಾಡಿ ಊರಿಗೆ ಕಳಿಸಿಕೊಡುತ್ತಿದ್ದವರು ನನ್ನ ಮಾವ. ವರ್ಷಗಳಿಂದ ಮಾಡುತ್ತಿದ್ದ ಆ ಕೆಲಸದ ಬಗ್ಗೆ ನಮ್ಮ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಟೈಲರನ ಹೆಂಡತಿಯೊಡನೆ ಅವರು ಫೋನಿನಲ್ಲಿ ಮಾತಾಡಿದ್ದನ್ನು ಪಕ್ಕದಲ್ಲೇ ಕೂತು ಕೇಳಿದೆ. ಗಲ್ಫಿನಲ್ಲಿ ಸತ್ತವರನ್ನು ಎಲ್ಲರೂ 'ಬಾಡಿ' ಅನ್ನುತ್ತಾರೆ. ಮಾವ ಅನ್ನಲಿಲ್ಲ. "ಅಮ್ಮಾ, ನಾನು ಅವರ ಹತ್ತಿರವೇ ಹೋಗ್ತಾ ಇದ್ದೇನೆ. ಒಬ್ಬರನ್ನೇ ಬಿಡುವುದಿಲ್ಲ. ಅವರು ಹೊರಡುವಾಗ ನಾನೇ ಹೇಳ್ತೇನೆ" ಎಂದರು. ಆಕೆಯ ಅಳು ನಿಲ್ಲುವವರೆಗೂ ಫೋನು ಇಡಲಿಲ್ಲ.

ಆಸ್ಪತ್ರೆಯ ಕೆಲಸ ಮುಗಿಸಿ ಅವನ ಕೋಣೆಗೆ ಹೋದೆವು. ಗಲ್ಫಿನ ಪ್ರತಿ ಮಂಚದ ಕೆಳಗೂ ಅರ್ಧ ತುಂಬಿದ ಒಂದು ರಟ್ಟಿನ ಪೆಟ್ಟಿಗೆ ಇರುತ್ತದಂತೆ. ಊರಿಗೆ ಹೋಗುವ ದಿನಕ್ಕಾಗಿ ಇವತ್ತೊಂದು ಸೋಪು, ಮುಂದಿನ ತಿಂಗಳೊಂದು ಹಾಲಿನ ಪುಡಿಯ ಡಬ್ಬಿ ಎಂದು ತುಂಬುತ್ತಾ ಬರುವುದು. ಟೈಲರನ ಪೆಟ್ಟಿಗೆಯಲ್ಲಿ ಮಗುವಿನ ಬೂಟು, ನೋವಿನ ಮುಲಾಮು, ಮತ್ತೆ ಕತ್ತರಿಸಿಟ್ಟ, ಇನ್ನೂ ಹೊಲಿಯದ ಒಂದು ನೀಲಿ ರವಿಕೆ ಬಟ್ಟೆ. ಮಾವ ಅದನ್ನು ಅವನ ಜೊತೆ ಕೆಲಸ ಮಾಡುತ್ತಿದ್ದವನ ಕೈಗಿಟ್ಟು, "ಹೊಲಿದು ಕೊಡ್ತೀಯಾ?" ಎಂದರು. ಅವನು ಕಣ್ಣೊರೆಸಿಕೊಂಡು ಮಷೀನಿನ ಮುಂದೆ ಕೂತ.

ನನಗೆ ತಡೆಯಲಾಗಲಿಲ್ಲ. "ಇನ್ನು ಅವಳು ಅದನ್ನು ಹಾಕುವುದುಂಟಾ ಮಾವ?"

"ಹಾಕುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅರ್ಧ ಕೆಲಸ ಮನೆಗೆ ಹೋಗ್ಬಾರ್ದು" ಎಂದರು. ಆಮೇಲೆ ಪೆಟ್ಟಿಗೆಯನ್ನು ಹಗ್ಗ ಹಾಕಿ ಬಿಗಿದರು. ಕೆಲವು ದಿನಗಳ ಮೇಲೆ ಟೈಲರನನ್ನು ಕಳಿಸಿದ ವಿಮಾನದಲ್ಲೇ ಅದೂ ಹೋಯಿತು.

ಮರುದಿನ ಬೆಳಿಗ್ಗೆ ಮಾವನ ಕೋಣೆ ಗುಡಿಸಲು ಬಗ್ಗಿದೆ. ಮಂಚದ ಕೆಳಗೆ ಏನೂ ಇರಲಿಲ್ಲ. ಒಂದು ಜೊತೆ ಚಪ್ಪಲಿ, ಅಷ್ಟೆ.

"ನಿಮ್ಮ ಪೆಟ್ಟಿಗೆ ಎಲ್ಲಿ?"

ಮಾವ ಚಹಾ ಸೋಸುತ್ತಿದ್ದರು. ತಿರುಗಲಿಲ್ಲ. "ನಾನು ಹೋಗುವುದಿಲ್ಲ ಟೀಚರಮ್ಮ. ಸತ್ತ ಮೇಲೂ ಇಲ್ಲ. ಇಲ್ಲೇ ನಮ್ಮ ಕ್ರಿಶ್ಚಿಯನರ ಸ್ಮಶಾನ ಉಂಟು, ಅಲ್ಲೇ ಹಾಕ್ಲಿ. ಅಕ್ಕನಿಗೆ ಹೇಳು. ನನಗೆ ಹೇಳ್ಲಿಕ್ಕೆ ಧೈರ್ಯ ಇಲ್ಲ."

ಅಮ್ಮ ಅವರ ಹಿರಿಯಕ್ಕ. ಹಡೆದ ತಾಯಿ ಹೋದ ಮೇಲೆ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. "ಮನೆ ಇಲ್ಲವಾ ನಿಮಗೆ?" ಎಂದು ರೇಗಿದೆ.

"ಊರಲ್ಲಿ ಕಾರಿಂದ ಕಾಲು ಕೆಳಗಿಡುವ ಮೊದಲೇ ಕೇಳ್ತಾರೆ, ಯಾವಾಗ ಬಂದದ್ದು, ಯಾವಾಗ ಹೋಗುವುದು ಅಂತ. ಅಲ್ಲಿ ನಾನು ನೆಂಟ. ಇಲ್ಲಿಯೂ ನೆಂಟನೇ ಬಿಡು, ವೀಸಾ ಮುಗಿದ್ರೆ ಖಲಾಸ್. ಆದ್ರೆ ಇಲ್ಲಿ ಒಂದು ದಿನ ನನ್ನ ಫೋನು ಎತ್ತದಿದ್ರೆ ಹುಡುಕಿಕೊಂಡು ಬರುವವರಿದ್ದಾರೆ." ಚಹಾ ನನ್ನ ಮುಂದಿಟ್ಟು, "ಯಲ್ಲಾ, ಬೇಗ ಕುಡಿ, ತಣಿದು ಹೋಗ್ತದೆ" ಎಂದರು.

ಊರಿಗೆ ಬಂದವಳೇ ಅಮ್ಮನಿಗೆ ಹೇಳಿದೆ. ಅವಳು ಕೆಂಡವಾದಳು. "ಅವನಿಗೆ ತಲೆ ಕೆಟ್ಟಿದೆ. ಇಗರ್ಜಿಯ ಸ್ಮಶಾನದಲ್ಲಿ ಅಪ್ಪ ಅಮ್ಮನ ಪಕ್ಕ ಜಾಗ ಉಂಟು. ನಾನು ಬದುಕಿರುವವರೆಗೆ ಅವನು ಪರದೇಶದಲ್ಲಿ ಮಲಗುವುದಿಲ್ಲ" ಎಂದವಳು ಆಗಲೇ ಫೋನು ಹಚ್ಚಿ ಬೈದಳು. ಆ ಕಡೆಯಿಂದ ಮಾವ ನಗುತ್ತಿದ್ದದ್ದು ನನಗೂ ಕೇಳಿಸಿತು. ಆಮೇಲೆ ಪ್ರತಿ ಭಾನುವಾರ ಅಕ್ಕ ತಮ್ಮ ಮಾತಾಡುತ್ತಿದ್ದರು. ಈ ವಿಷಯವನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ಅಂಗಡಿಯ ಕೌಂಟರಿನಲ್ಲಿ ಯಾವನಿಗೋ ಬ್ರೇಕ್ ಪ್ಯಾಡ್ ತೆಗೆದುಕೊಡುತ್ತಿದ್ದ ಮಾವ ಅಲ್ಲೇ ಕುಸಿದರಂತೆ. ನನಗೆ ಕರೆ ಬಂದದ್ದು ಅವರದೇ ಫೋನಿನಿಂದ. ಮಾತಾಡಿದವರು ಯಾರೋ ನನಗೆ ಗೊತ್ತಿಲ್ಲ. ಅಳುತ್ತಲೇ ಹೇಳಿದರು. "ಟೀಚರ್, ಇಲ್ಲೇ ಮಣ್ಣು ಮಾಡ್ಲಿಕ್ಕೆ ಅಣ್ಣ ನಮಗೆಲ್ಲ ಹೇಳಿಟ್ಟಿದ್ರು. ಆದ್ರೆ ಅದಕ್ಕೆ ಅಕ್ಕನ ಒಪ್ಪಿಗೆ ಬೇಕು. ಕಳಿಸಿ ಅಂತ ಅಕ್ಕ ಹೇಳಿದ್ರೆ ಕಳಿಸ್ತೇವೆ. ಅವರು ಹೇಳಿದ ಹಾಗೆ."

ಅಮ್ಮ ಮನೆಯ ಆಲ್ತಾರಿನ, ಯೇಸುವಿನ ಪಟದ ಮುಂದೆ ಜಪಸರ ಹಿಡಿದು ಕೂತಿದ್ದಳು. ಸುದ್ದಿ ಹೇಳಿ, ತರಿಸುವುದಾ, ಅಲ್ಲೇ ಮಣ್ಣು ಮಾಡುವುದಾ ಎಂದು ಕೇಳಿದೆ. ಒಲೆಯ ಮೇಲಿದ್ದ ಗಂಜಿ ಉಕ್ಕಿತು. ಎದ್ದು ಹೋಗಿ ಆರಿಸಿ ಬಂದು ಮತ್ತೆ ಕೂತಳು. "ಅವನ ಮುಖ ಒಂದು ಸಲ ನೋಡಬೇಕಿತ್ತು" ಎಂದಳು. ಆಗ ನಾನೂ ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು ಅಮ್ಮ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಅಲ್ಲೇ ಇರಲಿ. ಇಷ್ಟು ಜನರನ್ನು ಅವರವರ ಮನೆಗೆ ಮುಟ್ಟಿಸಿದವನಿಗೆ ತನ್ನ ಮನೆ ಎಲ್ಲಿ ಅಂತ ಗೊತ್ತಿಲ್ಲದೆ ಇರ್ತದಾ?"

ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಿದಳು. ಆಮೇಲೆ ಅಲ್ಲಿಯವರು ಕಳಿಸಿದ ಮಣ್ಣಿನ ವೀಡಿಯೊ ನೋಡಿದೆವು. ಗ್ರೀಸ್ ಮೆತ್ತಿದ ಕೆಲಸದ ಬಟ್ಟೆಯಲ್ಲೇ ಬಂದವರು, ಆಸ್ಪತ್ರೆಯ ನರ್ಸುಗಳು, ಉದ್ದ ಜುಬ್ಬಾದ ಪಠಾಣ ಡ್ರೈವರುಗಳು. ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೂ ಯಾರೂ ಕದಲಲಿಲ್ಲ. "ಇವರೆಲ್ಲ ಯಾರು?" ಎಂದು ಅಮ್ಮ ಕೇಳಿದಳು. ಅವರಲ್ಲಿ ಒಬ್ಬರ ಪರಿಚಯವೂ ನನಗಿರಲಿಲ್ಲ.

ಇಷ್ಟು ವರ್ಷ ದುಡಿದವನ ಹೆಣವನ್ನೂ ತರಿಸಲಿಲ್ಲವಲ್ಲ ಎಂದು ನೆಂಟರು ಆಡಿಕೊಂಡರು. ಅಮ್ಮ ಇಗರ್ಜಿಯಲ್ಲಿ ಪೂಜೆ ಹೇಳಿಸಿದಳು, ಬಂದವರಿಗೆ ಬಡಿಸಿದಳು, ಪಾತ್ರೆ ತೊಳೆದಳು. ಭಾನುವಾರ ಮಾತ್ರ ಸುಮ್ಮನೆ ಫೋನಿನ ಹತ್ತಿರ ಕೂರುತ್ತಿದ್ದಳು.

ಮುಂದಿನ ಏಪ್ರಿಲಿನ ಒಂದು ಮಧ್ಯಾಹ್ನ, ಒಣಗಲು ಹಾಕಿದ ಹಪ್ಪಳ ತಿರುವಲು ಅಂಗಳಕ್ಕೆ ಬರಿಗಾಲಲ್ಲಿ ಇಳಿದ ಅಮ್ಮ ಹಾಗೇ ಹಿಂತಿರುಗಿ ಬಂದು ಬಾಗಿಲ ಬಳಿ ನಿಂತಳು.

"ನೀನು ಹೋಗಿ ನೋಡಿ ಬಂದವಳಲ್ಲವಾ. ಅಲ್ಲಿಯ ಮರಳು ತುಂಬ ಸುಡ್ತದಾ?"

"ಮೇಲೆ ಮಾತ್ರ ಅಮ್ಮ. ಕೆಳಗೆ ತಂಪಿರ್ತದೆ" ಎಂದೆ.

ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.