ಎಲೆಯ ಮುಂದೆ ಕೇಳಿದ ಬೀಗರ ಪದ

ನಮ್ಮ ಕಡೆಯ ಮದುವೆಗಳಲ್ಲಿ ಆಗೆಲ್ಲ ಬೀಗರ ಪದ ಹಾಡುವ ರೂಢಿ ಇತ್ತು. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬಡಿಸುತ್ತಲೇ ಅವರನ್ನು ಹಾಡಿನಲ್ಲಿ ಆಡಿಕೊಳ್ಳುವುದು. ಸಿಟ್ಟು ಬಂದು ಎಲೆ ಬಿಟ್ಟೆದ್ದರೆ ಸೋತ ಹಾಗೆ. ಉತ್ತರ ಕೊಡುವುದಿದ್ದರೆ ಹಾಡಿನಲ್ಲೇ ಕೊಡಬೇಕು.

ಅಜ್ಜಂಪುರದಲ್ಲಿದ್ದ ನನ್ನ ಸೋದರತ್ತೆ ಇದರಲ್ಲಿ ಎತ್ತಿದ ಕೈ. ಆಯಾ ಮನೆಗೆ ತಕ್ಕಂತೆ ಹೊಸ ಪದ ಕಟ್ಟುವಳು, ಅದೂ ಹೂರಣ ರುಬ್ಬುತ್ತ, ಒರಳಿನ ಸದ್ದಿಗೆ ಗುನುಗುತ್ತ. ಮಠಕ್ಕೆ ಕಾಣಿಕೆ ಕೊಟ್ಟು ಆಳಿಗೆ ಕೂಲಿ ಕೊಡದವರು, ಸೊಸೆಗೆ ತಂಗಳು ಇಕ್ಕುವವರು, ಯಾರನ್ನೂ ಬಿಟ್ಟವಳಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕನ ಮದುವೆ ಬೀರೂರಿನ ಛತ್ರದಲ್ಲಿ. ಗಂಡು ಕಡೂರಿನವನು. ಧಾರೆಯ ಹಿಂದಿನ ದಿನ ಬಂದಿಳಿದ ಅವನಪ್ಪ ಕಾಫಿ ಕುಡಿಯುತ್ತ, ಸ್ಕೂಟರ್ ಕೊಟ್ಟರೇ ನಾಳೆ ಧಾರೆ ಎಂದುಬಿಟ್ಟರು. ಅಪ್ಪನ ಮುಖ ಇಳಿಯಿತು. ಒಳಕೋಣೆಯಲ್ಲಿ ಅಕ್ಕ ಬಳೆ ತೊಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಅಪ್ಪ ಅತ್ತೆಯ ಬಳಿ ಬಂದರು. “ಅಕ್ಕಾ, ಇವತ್ತೊಂದಿನ ಪದ ಬ್ಯಾಡ ಕಣೇ. ಮದ್ವೆ ಮುರಿದುಹೋದಾತು.”

“ನೀನು ಪಲ್ಯ ಬಡ್ಸೋ ತಮ್ಮ. ಪದ ನಂಗೆ ಬಿಡು.”

ಮಧ್ಯಾಹ್ನದ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬಿಡುತ್ತ ಅತ್ತೆ ಶುರುಮಾಡಿದಳು:

ಬೀರೂರ ಸಂತೇಗೆ ಹೋರಿ ತಂದವ್ರೆ ಬೀಗ್ರು
ಗಾಲಿ ಎರಡು ಕೊಟ್ರೇನೆ ಮಾರ್ತಾರಂತೆ
ಹಲ್ಲೆಣ್ಸಿ ನೋಡ್ರಮ್ಮ, ಹಗ್ಗ ಹಿಡಿಯೋ ಮುಂಚೆ

ಪಂಕ್ತಿಯೆಲ್ಲ ನಕ್ಕಿತು. ಮದುಮಗ ತಲೆ ತಗ್ಗಿಸಿದ. ಅವನಪ್ಪ ಎಲೆಯಿಂದ ಕೈ ಎತ್ತಿದರು, ಏಳುವುದೊಂದೇ ಬಾಕಿ. ಆಗ ಎದುರು ಸಾಲಿನಲ್ಲಿ ಕೂತಿದ್ದ ಅವರ ತಾಯಿ, ಬೊಚ್ಚುಬಾಯಿಯ ಮುದುಕಿ, ಗದರಿಸಿದರು.

“ಕೂತ್ಕಳಲೇ, ಮನೆ ಮಾನ ಕಳೀಬ್ಯಾಡ. ಪದಕ್ಕೆ ಪದ ನಾನು ಕೊಡ್ತೀನಿ.”

ಗಂಟಲು ಸರಿಮಾಡಿಕೊಂಡು ಹಾಡಿಯೇಬಿಟ್ಟರು:

ಹೋರಿ ಬಂಗಾರ ಕಣೇ, ಹೋರಿಯಪ್ಪಂದೇ ಗೋಳು
ನನ್ ಮದ್ವೇಲಿ ಇವನಪ್ಪ ಎತ್ತಿನ್ ಗಾಡೀನೂ ಕೇಳ್ಲಿಲ್ಲ
ಸ್ಕೂಟ್ರು ತಿಂದ್ರೆ ಅರಗಲ್ಲ, ಹೋಳಿಗೆ ಇಕ್ಕಿ ಕಳ್ಸೇ

ಈಗ ಎರಡೂ ಕಡೆಯವರು ನಕ್ಕರು. ಮಗ ಮೇಲೆದ್ದರೆ ಸೋಲುವವಳು ತಾಯಿ. ಮದುಮಗನ ಅಪ್ಪ ಎತ್ತಿದ ಕೈಯನ್ನು ಮತ್ತೆ ಎಲೆಗೆ ಇಳಿಸಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಇನ್ನೊಂದಿಷ್ಟು ತುಪ್ಪ ಬಿಡಮ್ಮ. ನಿನ್ ಬಾಯಿಗಿಂತ ಅದೇ ವಾಸಿ,” ಎಂದರು.

ಮಾರನೆಯ ಬೆಳಿಗ್ಗೆ ಮುಹೂರ್ತಕ್ಕೆ ಸರಿಯಾಗಿ ಧಾರೆ ಆಯಿತು. ಅಕ್ಕ ಗಂಡನ ಜೊತೆ ಕಡೂರಿನ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ನಮಗೆಲ್ಲ ಕೈ ಬೀಸಿದಳು.